‘ಸಾಪೇಕ್ಷ ಕೊರತೆ’ಯ ಲಕ್ಷಣ: ಸೆಪ್ಟಿಕ್ ಆಘಾತದಲ್ಲಿ ಕಾರ್ಟಿಸಾಲ್ ಮಾಪನದ ವಿಮರ್ಶೆ

ಸೆಪ್ಟಿಕ್ ಆಘಾತಕ್ಕೆ ಒಳಗಾಗಿ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಯ ರಕ್ತದಲ್ಲಿ ಕಾರ್ಟಿಸಾಲ್ ಎಷ್ಟಿದ್ದರೆ ಸಾಕು, ಎಷ್ಟಿದ್ದರೆ ಸಾಲದು ಎಂಬ ಪ್ರಶ್ನೆ ಮೂರು ದಶಕಗಳಿಗೂ ಮಿಕ್ಕಿ ವೈದ್ಯವಿದ್ವಾಂಸರನ್ನು ಕಾಡಿದೆ. ಈ ಪ್ರಶ್ನೆಯ ಜೊತೆಯಲ್ಲಿಯೇ ‘ಅಡ್ರಿನಲ್ ಗ್ರಂಥಿಯ ಸಾಪೇಕ್ಷ ಕೊರತೆ’ ಎಂಬ ಪಾರಿಭಾಷಿಕ ಪದವೊಂದು ಬಳಕೆಗೆ ಬಂದು, ಪ್ರಬಂಧಗಳಿಂದ ಪಠ್ಯಪುಸ್ತಕಗಳಿಗೂ ಪಠ್ಯಪುಸ್ತಕಗಳಿಂದ ರೋಗಿಯ ಶಯ್ಯೆಯ ಬಳಿಗೂ ಸಾಗಿತು. ಆ ಪದಕ್ಕೆ ಕೊಟ್ಟ ಲಕ್ಷಣ ನಿರ್ದುಷ್ಟವೇ, ಅದನ್ನು ಆಧಾರವಾಗಿಟ್ಟುಕೊಂಡು ಸ್ಟೀರಾಯ್ಡ್ ಚಿಕಿತ್ಸೆಗೆ ರೋಗಿಗಳನ್ನು ಆರಿಸಬಹುದೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸ್ಟೀರಾಯ್ಡ್ ಉಪಯುಕ್ತವೇ ಅಲ್ಲವೇ ಎಂಬುದು ಬೇರೆಯ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಬಹಳಷ್ಟು ಗೊಂದಲ ಹುಟ್ಟಿದೆಯೆಂದು ನಮ್ಮ ಅಭಿಪ್ರಾಯ.

ವಾಚಕರಲ್ಲಿ ವೈದ್ಯರಲ್ಲದವರೂ ಇರುವುದರಿಂದ ಒಂದೆರಡು ಮಾತುಗಳನ್ನು ಮೊದಲೇ ಹೇಳಿಬಿಡುವುದು ಯುಕ್ತ. ಸೋಂಕನ್ನು ಎದುರಿಸುವ ಭರದಲ್ಲಿ ದೇಹ ತನ್ನ ಅಂಗಾಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿಗೆ ಸೆಪ್ಸಿಸ್ ಎಂದು ಹೆಸರು. ಅದರಲ್ಲಿ ರಕ್ತನಾಳಗಳು ಸಡಿಲಗೊಂಡು, ದ್ರವಗಳನ್ನು ತುಂಬಿಸಿದರೂ ರಕ್ತದೊತ್ತಡ ನಿಲ್ಲದೆ, ನಾರ್‌ಅಡ್ರಿನಲಿನ್‌ನಂತಹ ಒತ್ತಡವರ್ಧಕ ಔಷಧಿಗಳ ಆಸರೆ ಬೇಕಾದಾಗ ಅದನ್ನು ಸೆಪ್ಟಿಕ್ ಆಘಾತವೆನ್ನುತ್ತಾರೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲನ್ನು ಸ್ರವಿಸುತ್ತವೆ. ಅವುಗಳಿಗೆ ಅಪ್ಪಣೆ ಕೊಡುವುದು ಪಿಟ್ಯುಟರಿ ಗ್ರಂಥಿಯಿಂದ ಬರುವ ಕಾರ್ಟಿಕೋಟ್ರೋಪಿನ್. ಆರೋಗ್ಯವಂತನ ರಕ್ತದಲ್ಲಿ ಬೆಳಗಿನ ಹೊತ್ತು ಡೆಸಿಲೀಟರಿಗೆ ಸುಮಾರು ೫ ರಿಂದ ೨೫ ಮೈಕ್ರೊಗ್ರಾಂ ಕಾರ್ಟಿಸಾಲ್ ಇರುತ್ತದೆ. ದಿನವೊಂದಕ್ಕೆ ಉತ್ಪತ್ತಿಯಾಗುವುದು ೧೦ ಮಿಲಿಗ್ರಾಮಿನ ಆಸುಪಾಸು. ಈ ಕೊನೆಯ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಅಡ್ರಿನಲ್ ಗ್ರಂಥಿ ನಾಶವಾದರೆ ಮನುಷ್ಯ ಉಳಿಯಲಾರನೆಂಬುದು ೧೮೫೫ರಲ್ಲಿ ಥಾಮಸ್ ಅಡಿಸನ್ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ತಿಳಿದ ವಿಷಯ. ತೀವ್ರ ಸೋಂಕಿನಲ್ಲಿ ಈ ಗ್ರಂಥಿಗಳೊಳಗೆ ರಕ್ತಸ್ರಾವವಾಗಿ ರೋಗಿ ಕೆಲವೇ ಗಂಟೆಗಳಲ್ಲಿ ಮರಣಹೊಂದುವುದನ್ನು ೧೯೧೧ರಲ್ಲಿ ವಾಟರ್‌ಹೌಸ್, ೧೯೧೮ರಲ್ಲಿ ಫ್ರಿಡೆರಿಕ್ಸೆನ್ ವರ್ಣಿಸಿದರು. ೧೯೪೯ರಲ್ಲಿ ಹೆಂಚ್ ಮತ್ತು ಕೆಂಡಾಲ್ ಕೀಲುವಾತಕ್ಕೆ ಕಾರ್ಟಿಸೋನ್ ಕೊಟ್ಟು ಪಡೆದ ಫಲ, ಮರುವರ್ಷವೇ ಅವರಿಗೂ ರೈಖ್‌ಸ್ಟೈನ್‌ಗೂ ಸಂದ ನೊಬೆಲ್ ಪಾರಿತೋಷಕ, ಇವೆಲ್ಲ ಸೇರಿ ಸ್ಟೀರಾಯ್ಡಿಗೆ ಅಸಾಧಾರಣವಾದ ಕೀರ್ತಿಯನ್ನು ತಂದುವು. ಸೋಂಕಿನ ಆಘಾತಕ್ಕೂ ಅದನ್ನು ಕೊಟ್ಟು ನೋಡಬೇಕೆಂಬ ಆಸೆ ಹುಟ್ಟಿದ್ದು ಸಹಜವೇ.

ಆಸೆ ಸಹಜವಾದರೂ ಅದರ ಪ್ರಮಾಣ ಸಹಜವಾಗಿರಲಿಲ್ಲ. ೧೯೭೬ರಲ್ಲಿ ಶುಮರ್ ಪ್ರಕಟಿಸಿದ ಪ್ರಬಂಧದಲ್ಲಿ ೧೭೨ ರೋಗಿಗಳ ಪೈಕಿ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡ ೧೦.೪ ಮಂದಿಯೂ ಪಡೆಯದವರಲ್ಲಿ ಶೇಕಡ ೩೮.೪ ಮಂದಿಯೂ ಸತ್ತರೆಂದು ವರದಿಯಾಗಿತ್ತು. ಇಷ್ಟು ದೊಡ್ಡ ಅಂತರವನ್ನು ಕಂಡಾಗ ಸಂತೋಷಪಡುವುದಕ್ಕೆ ಮುಂಚೆ ಸಂಶಯಪಡಬೇಕಾಗಿತ್ತು. ಒಂದೇ ಔಷಧಿ ಆಘಾತದಿಂದ ಸಾಯುವವರಲ್ಲಿ ನಾಲ್ವರಲ್ಲಿ ಸುಮಾರು ಮೂವರನ್ನು ಉಳಿಸುವುದು ವೈದ್ಯಚರಿತ್ರೆಯಲ್ಲಿ ತೀರ ವಿರಳ. ಆದರೂ ಹತ್ತು ವರ್ಷಗಳ ಕಾಲ ಆ ಪದ್ಧತಿ ನಡೆಯಿತು. ಕಿಲೋಗ್ರಾಂ ತೂಕಕ್ಕೆ ೩೦ ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, ಎಂದರೆ ೬೦ ಕಿಲೋ ತೂಕದವನಿಗೆ ಒಂದು ಸಲಕ್ಕೆ ೧೮೦೦ ಮಿಲಿಗ್ರಾಂ, ಆರು ಗಂಟೆಗೊಮ್ಮೆ. ೧೯೮೭ರಲ್ಲಿ ಬೋನ್ ಮೊದಲಾದವರು ೩೮೨ ರೋಗಿಗಳ ಮೇಲೆಯೂ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತಂಡ ೨೨೩ ರೋಗಿಗಳ ಮೇಲೆಯೂ ನಡೆಸಿದ ಪ್ರಯೋಗಗಳಿಂದ ಇದು ನಿಷ್ಫಲವೆಂದು ಸ್ಪಷ್ಟವಾಯಿತು. ಮೊದಲನೆಯದರಲ್ಲಿ ಸ್ಟೀರಾಯ್ಡ್ ಪಡೆದವರೊಳಗೆ ಎರಡನೆಯ ಸೋಂಕಿಗೆ ಸಂಬಂಧಿಸಿದ ಮರಣಗಳು ಹೆಚ್ಚಿದ್ದುವು. ಈ ಅಧ್ಯಾಯ ಅಲ್ಲಿಗೆ ಮುಗಿಯಿತು. ಅದರ ವಿವರಗಳಿಗೆ ನಾವು ಹೋಗುವುದಿಲ್ಲ.

ಮುಗಿದ ಕಥೆ ಮತ್ತೆ ಬೇರೊಂದು ಬಾಗಿಲಿನಿಂದ ಒಳಬಂದದ್ದು ನಮ್ಮ ವಿಷಯ. ಹಿಂದಿನವರು ಸ್ಟೀರಾಯ್ಡನ್ನು ಉರಿಯೂತವನ್ನು ಅಡಗಿಸುವ ಅಸ್ತ್ರವಾಗಿ ಬಳಸಿದ್ದರು. ೧೯೯೦ರ ದಶಕದ ಸಂಶೋಧಕರು ಅದನ್ನು ಕೊರತೆಯನ್ನು ತುಂಬಿಕೊಡುವ ದ್ರವ್ಯವೆಂದು ಕರೆದರು. ಕೊರತೆಯನ್ನು ಪತ್ತೆಮಾಡುವುದಕ್ಕೆ ಅವರು ಹಿಡಿದ ಸಾಧನ ಹಳೆಯದೇ: ೨೫೦ ಮೈಕ್ರೊಗ್ರಾಂ ಕೃತಕ ಕಾರ್ಟಿಕೋಟ್ರೋಪಿನ್ ಚುಚ್ಚಿ, ಮುಂಚೆ ಒಂದು ಸಲ, ಅರ್ಧ ಗಂಟೆಯ ಮತ್ತು ಒಂದು ಗಂಟೆಯ ತರುವಾಯ ಒಂದೊಂದು ಸಲ ರಕ್ತ ತೆಗೆದು ಕಾರ್ಟಿಸಾಲ್ ಎಷ್ಟು ಏರಿತೆಂದು ನೋಡುವುದು. ೧೯೯೧ರಲ್ಲಿ ರಾತ್‌ವೆಲ್, ಉದ್ವಾಡಿಯಾ ಮತ್ತು ಲಾಲರ್ ೩೨ ರೋಗಿಗಳನ್ನು ಹೀಗೆ ಪರೀಕ್ಷಿಸಿ, ಏರಿಕೆ ಮಂದವಾಗಿದ್ದವರೆಲ್ಲರೂ ಸತ್ತರೆಂದು ತಿಳಿಸಿದರು. ೨೦೦೦ದಲ್ಲಿ ಫ್ರಾನ್ಸಿನ ಅನಾನ್ ಮತ್ತು ಅವರ ಸಹೋದ್ಯೋಗಿಗಳು ೧೮೯ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಪದದ ನಿಜವಾದ ಜನನ ಇಲ್ಲಿಯೇ ಎನ್ನಬಹುದಾದ್ದರಿಂದ ಇದನ್ನು ಸ್ವಲ್ಪ ಸಾವಧಾನವಾಗಿ ಓದಬೇಕು.

ಅವರು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಮೊದಲ ಮಾಪನ ೩೪ ಮೈಕ್ರೊಗ್ರಾಂ ಮೀರದೆ, ಏರಿಕೆ ೯ನ್ನು ಮೀರಿದ್ದವರಲ್ಲಿ ೨೮ ದಿನಗಳ ಒಳಗೆ ಸತ್ತವರು ಶೇಕಡ ೨೬. ಮೊದಲ ಮಾಪನ ೩೪ಕ್ಕೆ ಮೇಲಿದ್ದು ಏರಿಕೆ ೯ನ್ನು ಮೀರದಿದ್ದವರಲ್ಲಿ ಶೇಕಡ ೮೨. ಇವೆರಡಕ್ಕೂ ನಡುವಣವರಲ್ಲಿ ಶೇಕಡ ೬೭. ಮುನ್ಸೂಚನೆಯ ದೃಷ್ಟಿಯಿಂದ ಇದು ಉಪಯುಕ್ತವಾದ ವರ್ಗೀಕರಣವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಈ ಅಂಕಿಗಳು ಹೇಳುವುದೇನು? ಅತ್ಯಧಿಕ ಸಂಖ್ಯೆಯಲ್ಲಿ ಸತ್ತವರು ಅತ್ಯಧಿಕ ಕಾರ್ಟಿಸಾಲ್ ಇದ್ದವರು. ಅವರ ಗ್ರಂಥಿ ಮತ್ತೊಂದು ಅಪ್ಪಣೆಗೆ ಓಗೊಡಲಿಲ್ಲ, ನಿಜ. ಆದರೆ ಅದು ಆಗಲೇ ತನ್ನ ಶಕ್ತಿಯ ತುತ್ತತುದಿಯಲ್ಲಿ ದುಡಿಯುತ್ತಿದ್ದಿರಬಹುದು. ಕೋಡಿ ಬಿದ್ದ ಕೆರೆಗೆ ಇನ್ನೊಂದು ಹಳ್ಳವನ್ನು ತಿರುಗಿಸಿದರೆ ನೀರಿನ ಮಟ್ಟ ಏರುವುದಿಲ್ಲ. ಅಷ್ಟರಿಂದಲೇ ಕೆರೆಯಲ್ಲಿ ನೀರಿನ ಕೊರತೆಯಿದೆಯೆಂದು ಸಾಧಿಸುವುದುಂಟೆ? ಏರಿಕೆ ೯ಕ್ಕಿಂತ ಕಡಮೆ ಎಂಬುದು ಬರಿದಾದ ಗ್ರಂಥಿಗೂ ತುಂಬಿ ಹರಿಯುವ ಗ್ರಂಥಿಗೂ ಸಮಾನವಾಗಿ ಅನ್ವಯಿಸುತ್ತದೆ. ನಮ್ಮ ತರ್ಕಶಾಸ್ತ್ರದವರು ಅತಿವ್ಯಾಪ್ತಿಯೆನ್ನುವುದು ಇಂಥ ದೋಷವನ್ನೇ. ‘ಸಾಪೇಕ್ಷ’ ಎಂಬ ವಿಶೇಷಣ ಆ ದೋಷವನ್ನು ಪರಿಹರಿಸುವುದರ ಬದಲು ಮುಚ್ಚಿಡುತ್ತದೆ. ಯಾವುದರ ಅಪೇಕ್ಷೆಯಿಂದ ಕೊರತೆಯೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಸಾವಿನ ಸೂಚಕವಾದುದೆಲ್ಲ ಸಾವಿನ ಕಾರಣವಾಗದೆಂಬುದನ್ನು ಯಾವ ವೈದ್ಯನಿಗೂ ಕಲಿಸಬೇಕಾಗಿಲ್ಲ. ಆದರೂ ೨೦೦೨ರಲ್ಲಿ ಅದೇ ತಂಡ ಪ್ರಕಟಿಸಿದ ಚಿಕಿತ್ಸಾಪ್ರಯೋಗ ಬಂದಾಗ ಈ ವಿವೇಕ ಸ್ವಲ್ಪ ಹಿಂದೆ ಸರಿದಂತೆ ಕಾಣುತ್ತದೆ. ಪ್ರಯೋಗವೇನೋ ಶ್ರದ್ಧೆಯಿಂದ ನಡೆದದ್ದೇ. ೧೯ ನಿಗಾ ಘಟಕಗಳ ೩೦೦ ರೋಗಿಗಳಿಗೆ ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ, ಏಳು ದಿನಗಳ ಕಾಲ, ಆರು ಗಂಟೆಗೊಮ್ಮೆ ೫೦ ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನೂ ದಿನಕ್ಕೊಮ್ಮೆ ೫೦ ಮೈಕ್ರೊಗ್ರಾಂ ಫ್ಲೂಡ್ರೊಕಾರ್ಟಿಸೋನನ್ನೂ, ಇಲ್ಲವೇ ಹುಸಿಮದ್ದನ್ನು ಕೊಡಲಾಯಿತು. ಏರಿಕೆ ಮಂದವಾಗಿದ್ದ ೨೨೯ ಮಂದಿಯಲ್ಲಿ ಹುಸಿಮದ್ದು ಪಡೆದ ೧೧೫ರಲ್ಲಿ ೭೩, ಸ್ಟೀರಾಯ್ಡ್ ಪಡೆದ ೧೧೪ರಲ್ಲಿ ೬೦ ಮಂದಿ ಸತ್ತರು. ಎಂದರೆ ಶೇಕಡ ೬೩ ಮತ್ತು ೫೩. ಏರಿಕೆ ಸರಿಯಾಗಿದ್ದವರಲ್ಲಿ ಪ್ರಯೋಜನ ಕಾಣಲಿಲ್ಲ. ಪರೀಕ್ಷೆಮಾಡಿ ಆರಿಸಬೇಕು, ಆರಿಸಿದವರಿಗೆ ಕೊಡಬೇಕು ಎಂಬ ಸೂತ್ರ ಇದರಿಂದ ಹೊರಟಿತು.

ಇಲ್ಲಿ ಮೂರು ಮಾತುಗಳನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ‘ಕೊರತೆ’ಯುಳ್ಳವರೆಂದು ತೇರಿದವರು ನಾಲ್ಕರಲ್ಲಿ ಮೂರು ಪಾಲು, ಮುಕ್ಕಾಲು ಜನರನ್ನು ಆರಿಸುವ ಪರೀಕ್ಷೆ ಆರಿಸುವುದೇನನ್ನು ಎಂದು ಕೇಳಬಹುದು. ಎರಡನೆಯದಾಗಿ, ಸತ್ತವರ ಬರಿಯ ಎಣಿಕೆಯನ್ನು ಹೋಲಿಸಿದರೆ ೭೩ಕ್ಕೂ ೬೦ಕ್ಕೂ ಇರುವ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ. ರೋಗಿಗಳ ಇತರ ಸ್ಥಿತಿಗತಿಗಳನ್ನು ಗಣನೆಗೆ ತೆಗೆದುಕೊಂಡು ಸರಿತೂಗಿಸಿದ ಮೇಲೆ ಅದಕ್ಕೆ ಬಲ ಬಂತು. ಇದು ಅಕ್ರಮವಲ್ಲ, ಆದರೆ ಇಷ್ಟು ತೆಳುವಾದ ದಾರದಿಂದ ಇಷ್ಟು ಭಾರವಾದ ಸಿದ್ಧಾಂತವನ್ನು ತೂಗುಹಾಕಬಾರದಾಗಿತ್ತು. ಮೂರನೆಯದು ಎಟೊಮಿಡೇಟ್ ಎಂಬ ನಿದ್ರಾಕಾರಕದ ಪ್ರಶ್ನೆ. ಉಸಿರಾಟದ ನಳಿಗೆಯನ್ನು ಹಾಕುವಾಗ ಕೊಡುವ ಈ ಔಷಧಿ ಕಾರ್ಟಿಸಾಲಿನ ಉತ್ಪತ್ತಿಯನ್ನೇ ತಡೆಹಿಡಿಯುತ್ತದೆ. ನಿಗಾ ಘಟಕಗಳಲ್ಲಿ ಅದನ್ನು ಸತತವಾಗಿ ಹರಿಸಿದಾಗ ಸಾವುಗಳು ಹೆಚ್ಚಿದುದನ್ನು ಗ್ಲಾಸ್ಗೋದ ಲೆಡಿಂಗ್‌ಹ್ಯಾಮ್ ಮತ್ತು ವಾಟ್ ೧೯೮೩ರಷ್ಟು ಹಿಂದೆಯೇ ಎಚ್ಚರಿಸಿದ್ದರು. ೨೦೦೨ರ ಪ್ರಯೋಗದ ಕೆಲವು ರೋಗಿಗಳಿಗೂ ಅದು ಸಂದಿತ್ತು. ವೈದ್ಯನೇ ಕಟ್ಟಿಹಾಕಿದ ಗ್ರಂಥಿಯನ್ನು ರೋಗ ಕಟ್ಟಿಹಾಕಿತೆಂದು ಎಣಿಸಿದರೆ ಲೆಕ್ಕ ತಪ್ಪುವುದು ಖಂಡಿತ.

೨೦೦೮ರಲ್ಲಿ ಸ್ಪ್ರಂಗ್ ಮೊದಲಾದವರ ‘ಕಾರ್ಟಿಕಸ್’ ಪ್ರಯೋಗ ಪ್ರಕಟವಾಯಿತು. ೮೦೦ ಮಂದಿಯನ್ನು ಸೇರಿಸಬೇಕೆಂಬ ಸಂಕಲ್ಪವಿದ್ದರೂ ಸೇರಿದವರು ೪೯೯. ಏರಿಕೆ ಮಂದವಾಗಿದ್ದ ೨೩೩ ಮಂದಿಯಲ್ಲಿ ಹೈಡ್ರೊಕಾರ್ಟಿಸೋನ್ ಪಡೆದವರಲ್ಲಿ ಶೇಕಡ ೩೯.೨, ಹುಸಿಮದ್ದಿನವರಲ್ಲಿ ಶೇಕಡ ೩೬.೧ ಸಾವು. ಏರಿಕೆ ಸರಿಯಿದ್ದವರಲ್ಲಿ ೨೮.೮ ಮತ್ತು ೨೮.೭. ಆದರೆ ಆಘಾತ ಇಳಿಯುವುದಕ್ಕೆ ಹಿಡಿದ ಕಾಲ, ಒಟ್ಟು ರೋಗಿಗಳನ್ನು ತೆಗೆದುಕೊಂಡರೆ, ಸ್ಟೀರಾಯ್ಡಿನವರಲ್ಲಿ ೩.೩ ದಿನ, ಉಳಿದವರಲ್ಲಿ ೫.೮ ದಿನ. ಈ ಲಾಭ ‘ಕೊರತೆ’ಯಿದ್ದವರಿಗೆ ಮಾತ್ರವೇ ಮೀಸಲಾಗಿರಲಿಲ್ಲ, ಕೊರತೆಯಿಲ್ಲವೆಂದು ಪರೀಕ್ಷೆ ಸಾರಿದವರೂ ಬೇಗನೆ ಚೇತರಿಸಿಕೊಂಡರು. ಪ್ರಬಂಧವನ್ನು ಓದಿದವರು ಮರಣಪ್ರಮಾಣದ ಸಾಲನ್ನೇ ಚರ್ಚಿಸಿದರು. ನಮಗೆ ಈ ಎರಡನೆಯ ಸಂಗತಿಯೇ ಹೆಚ್ಚು ಮಹತ್ತ್ವದ್ದಾಗಿ ತೋರುತ್ತದೆ. ಕೊರತೆಯಿಲ್ಲದವನಿಗೂ ಔಷಧಿ ಅಷ್ಟೇ ಕೆಲಸಮಾಡಿತೆಂದರೆ, ಅದು ಕೊರತೆಯನ್ನು ತುಂಬಿದ್ದರಿಂದ ಕೆಲಸಮಾಡಲಿಲ್ಲ. ಸಡಿಲಗೊಂಡ ರಕ್ತನಾಳಗಳು ಒತ್ತಡವರ್ಧಕಗಳಿಗೆ ಮತ್ತೆ ಸ್ಪಂದಿಸುವಂತೆ ಮಾಡುವ ತನ್ನದೇ ಗುಣದಿಂದ ಮಾಡಿತು.

ಇದಕ್ಕೆ ಪೂರ್ವಪಕ್ಷವುಂಟು. ಕಾರ್ಟಿಕಸ್‌ನ ರೋಗಿಗಳು ಅಷ್ಟು ಉಲ್ಬಣಾವಸ್ಥೆಯಲ್ಲಿರಲಿಲ್ಲ, ಆಘಾತವಾಗಿ ೭೨ ಗಂಟೆಗಳವರೆಗೂ ಅವರನ್ನು ಸೇರಿಸಿಕೊಳ್ಳಲು ಅವಕಾಶವಿತ್ತು, ಫ್ರೆಂಚ್ ಪ್ರಯೋಗದಲ್ಲಾದರೋ ಅದು ಎಂಟೇ ಗಂಟೆ. ಫ್ಲೂಡ್ರೊಕಾರ್ಟಿಸೋನ್ ಕೂಡ ಇರಲಿಲ್ಲ ಎಂದು ಹಿಂದಿನ ಪ್ರಯೋಗದ ಪರವಾದವರು ವಾದಿಸಿದರು. ಔಷಧಿಯ ವಿಷಯದಲ್ಲಿ ಈ ವಾದ ನ್ಯಾಯವಾದದ್ದೇ. ಪರೀಕ್ಷೆಯ ವಿಷಯದಲ್ಲಿ ಮಾತ್ರ ಇದು ಸಲ್ಲದು. ಒಂದೇ ಪ್ರಯೋಗದ ಒಳಗೆ, ಒಂದೇ ಕಾಲದಲ್ಲಿ, ಒಂದೇ ಔಷಧಿಯನ್ನು ಪಡೆದ ಎರಡು ವರ್ಗಗಳನ್ನು ಪರೀಕ್ಷೆ ಬೇರ್ಪಡಿಸಲಾರದೆ ಹೋದ ಮೇಲೆ, ಔಷಧಿ ಎಷ್ಟು ತಡವಾಗಿ ಬಂದಿತೆಂಬುದು ಪರೀಕ್ಷೆಯನ್ನು ಉಳಿಸಲಾರದು.

ಮಾಪನವೇ ಎಷ್ಟು ನಂಬತಕ್ಕದ್ದು ಎಂಬುದೂ ಪ್ರಶ್ನೆಯೇ. ರಕ್ತದಲ್ಲಿರುವ ಕಾರ್ಟಿಸಾಲಿನ ಬಹುಭಾಗ, ಸುಮಾರು ಶೇಕಡ ೯೦, ತನ್ನದೇ ವಾಹಕ ಪ್ರೋಟೀನಿಗೂ ಆಲ್ಬುಮಿನ್ನಿಗೂ ಅಂಟಿಕೊಂಡಿರುತ್ತದೆ. ಕೆಲಸಮಾಡುವುದು ಬಿಡಿಯಾಗಿರುವ ಅಲ್ಪಭಾಗ. ಸೆಪ್ಸಿಸ್‌ನಲ್ಲಿ ಈ ಪ್ರೋಟೀನುಗಳೆರಡೂ ಇಳಿಯುತ್ತವೆ. ಪ್ರಯೋಗಶಾಲೆಯಾದರೋ ಅಳೆಯುವುದು ಒಟ್ಟು ಮೊತ್ತವನ್ನು. ೨೦೦೪ರಲ್ಲಿ ಹಮ್ರಾಹಿಯಾನ್ ಮತ್ತು ಸಂಗಡಿಗರು ೬೬ ಗಂಭೀರ ರೋಗಿಗಳಲ್ಲಿ ಎರಡನ್ನೂ ಅಳೆದು ನೋಡಿದರು. ಆಲ್ಬುಮಿನ್ ತೀರ ಇಳಿದಿದ್ದವರಲ್ಲಿ ಶೇಕಡ ೪೦ರಷ್ಟು ಮಂದಿಯ ಒಟ್ಟು ಕಾರ್ಟಿಸಾಲ್ ‘ಕಡಮೆ’ಯೆಂದು ಬಂತು, ಅವರ ಗ್ರಂಥಿಗಳು ಸರಿಯಾಗಿಯೇ ಇದ್ದುವು, ಬಿಡಿ ಕಾರ್ಟಿಸಾಲ್ ಸಹಜ ಮಟ್ಟದಲ್ಲಿಯೋ ಅದಕ್ಕಿಂತ ಮೇಲೆಯೋ ಇತ್ತು. ಬಂಡಿಗಳನ್ನು ಎಣಿಸಿ ಊರಿನಲ್ಲಿರುವ ಧಾನ್ಯವನ್ನು ಅಂದಾಜುಮಾಡಿದಂತಾಯಿತು ಇದು.

ಇದಕ್ಕಿಂತಲೂ ಮೂಲಗಾಮಿಯಾದದ್ದು ಬೆಲ್ಜಿಯಮ್ಮಿನ ಲ್ಯೂವೆನ್ ನಗರದಿಂದ ಬೂನೆನ್ ಮೊದಲಾದವರು ೨೦೧೩ರಲ್ಲಿ ಪ್ರಕಟಿಸಿದ ಪ್ರಬಂಧ. ೧೫೮ ಗಂಭೀರ ರೋಗಿಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ, ಗುರುತುಹಾಕಿದ ಕಾರ್ಟಿಸಾಲನ್ನು ಹರಿಸಿ ಅದರ ಉತ್ಪತ್ತಿ ಎಷ್ಟು, ವಿಸರ್ಜನೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಅಳೆದರು. ಸಂಕಟಕಾಲದಲ್ಲಿ ಗ್ರಂಥಿ ಹಲವು ಮಡಿ ದುಡಿಯುತ್ತದೆಂಬುದು ಅಲ್ಲಿಯವರೆಗಿನ ನಂಬಿಕೆ. ಕಂಡುಬಂದದ್ದು ಬೇರೆ. ಉತ್ಪತ್ತಿ ಆರೋಗ್ಯವಂತರಿಗಿಂತ ಶೇಕಡ ೮೩ರಷ್ಟು ಮಾತ್ರ ಹೆಚ್ಚು, ಎಂದರೆ ಇಮ್ಮಡಿಯೂ ಅಲ್ಲ. ವಿಸರ್ಜನೆಯಾದರೋ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಲ್ಲಿ ಕಾರ್ಟಿಸಾಲನ್ನು ಮುರಿಯುವ ಕಿಣ್ವಗಳು ಮಂದವಾಗಿದ್ದುವು. ರಕ್ತದಲ್ಲಿ ಮಟ್ಟ ಏರಿದ್ದು ಬಹುಪಾಲು ತೂಬು ಮುಚ್ಚಿದ್ದರಿಂದ. ಮಟ್ಟ ಏರಿದ್ದನ್ನು ಕಂಡ ಪಿಟ್ಯುಟರಿ ತನ್ನ ಅಪ್ಪಣೆಯನ್ನು ತಗ್ಗಿಸುತ್ತದೆ, ಅಪ್ಪಣೆ ಬಹುಕಾಲ ತಗ್ಗಿದರೆ ಗ್ರಂಥಿ ಅಭ್ಯಾಸತಪ್ಪಿ ಹೊಸ ಚುಚ್ಚುಮದ್ದಿಗೆ ಮಂದವಾಗಿ ಸ್ಪಂದಿಸುತ್ತದೆ. ಹೀಗೆ ನೋಡಿದರೆ ಏರಿಕೆ ಕಡಮೆಯಾಗುವುದು ಗ್ರಂಥಿಯ ಸೋಲಿಗಿಂತ ದೇಹದ ಹೊಂದಾಣಿಕೆಯ ಪರಿಣಾಮವಾಗಿರುವ ಸಂಭವವೇ ಹೆಚ್ಚು.

ಈಗ ಆರಂಭದಲ್ಲಿ ಹೇಳಿದ ೧೦ ಮಿಲಿಗ್ರಾಮನ್ನು ಸ್ಮರಿಸಿಕೊಳ್ಳೋಣ. ಉತ್ಪತ್ತಿ ಇಮ್ಮಡಿಯಾಯಿತೆಂದೇ ಇಟ್ಟುಕೊಂಡರೂ ದಿನಕ್ಕೆ ೨೦. ನಾವು ಕೊಡುತ್ತಿರುವುದು ೨೦೦. ಹಿಂದಿನ ಮಹಾಮಾತ್ರೆಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ‘ಅಲ್ಪಮಾತ್ರೆ’ಯೇ; ಆದರೆ ಕೊರತೆಯನ್ನು ತುಂಬುವುದೆಂಬ ಮಾತಿನ ಪಕ್ಕದಲ್ಲಿ ನಿಲ್ಲಿಸಿದರೆ ಹತ್ತು ಮಡಿ, ಅದೂ ವಿಸರ್ಜನೆ ಕುಗ್ಗಿರುವ ದೇಹದಲ್ಲಿ. ಊತಕಗಳೇ ಕಾರ್ಟಿಸಾಲಿಗೆ ಜಡವಾಗಿರುವುದರಿಂದ ಹೆಚ್ಚು ಬೇಕಾಗುತ್ತದೆಂದು ಉತ್ತರಿಸುವವರಿದ್ದಾರೆ. ಇರಬಹುದು. ಆದರೆ ಊತಕದ ಜಡತೆಯನ್ನು ರಕ್ತದ ಕಾರ್ಟಿಸಾಲ್ ಅಳೆಯುವುದಿಲ್ಲ. ಆ ಪಕ್ಷವನ್ನು ಹಿಡಿದರೆ ಮಾಪನವನ್ನು ಬಿಡಬೇಕಾಗುತ್ತದೆ.

೨೦೧೮ರ ಎರಡು ಮಹಾಪ್ರಯೋಗಗಳನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಿದರೆ ಸಾಕು. ‘ಅಡ್ರಿನಲ್’ ಎಂಬ ಹೆಸರಿನ ಪ್ರಯೋಗದಲ್ಲಿ ೩೮೦೦ ರೋಗಿಗಳು. ೯೦ ದಿನಗಳ ಮರಣಪ್ರಮಾಣ ಹೈಡ್ರೊಕಾರ್ಟಿಸೋನಿನಲ್ಲಿ ಶೇಕಡ ೨೭.೯, ಹುಸಿಮದ್ದಿನಲ್ಲಿ ೨೮.೮. ಫ್ರೆಂಚರ ‘ಅಪ್ರೋಕ್ಸ್’ನಲ್ಲಿ ೧೨೪೧ ರೋಗಿಗಳು, ಫ್ಲೂಡ್ರೊಕಾರ್ಟಿಸೋನ್ ಕೂಡಿದ ಚಿಕಿತ್ಸೆಯಲ್ಲಿ ೪೩.೦, ಇಲ್ಲದೆಡೆ ೪೯.೧. ಎರಡರ ನಡುವಣ ಭೇದಕ್ಕೆ ಕಾರಣ ಆ ಎರಡನೆಯ ಔಷಧಿಯೋ, ರೋಗದ ಉಲ್ಬಣತೆಯೋ ತೀರ್ಮಾನವಾಗಿಲ್ಲ. ಆಘಾತ ಬೇಗ ಇಳಿಯುವುದರಲ್ಲಿ ಮಾತ್ರ ಎರಡೂ ಏಕಕಂಠ. ಪ್ರಕೃತಕ್ಕೆ ಬೇಕಾದ ಸಂಗತಿಯೆಂದರೆ, ಕಾರ್ಟಿಸಾಲಿನ ಅಂಕಿಯನ್ನು ಇವು ಪ್ರವೇಶದ ಷರತ್ತಾಗಿ ಇಟ್ಟುಕೊಳ್ಳಲಿಲ್ಲ. ೨೦೨೧ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅಷ್ಟೆ: ನಾರ್‌ಅಡ್ರಿನಲಿನ್ ಕಿಲೋಗ್ರಾಮಿಗೆ ನಿಮಿಷಕ್ಕೆ ೦.೨೫ ಮೈಕ್ರೊಗ್ರಾಂ ಮುಟ್ಟಿ ನಾಲ್ಕು ಗಂಟೆಯಾದರೂ ಆಸರೆ ಬೇಕೇ ಆಗಿದ್ದರೆ ದಿನಕ್ಕೆ ೨೦೦ ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಕೊಡಬಹುದೆನ್ನುತ್ತದೆ. ಗ್ರಂಥಿಯ ಮಾತೇ ಅಲ್ಲಿಲ್ಲ. ಪದವಾದರೋ ಇನ್ನೂ ಜೀವಂತವಾಗಿದೆ. ೨೦೦೮ರಲ್ಲಿ ಅದಕ್ಕೆ ‘ಗಂಭೀರವ್ಯಾಧಿಜನ್ಯ ಕಾರ್ಟಿಕೊಸ್ಟೀರಾಯ್ಡ್ ಕೊರತೆ’ ಎಂದು ಇನ್ನೂ ಉದ್ದವಾದ ಹೆಸರಾಯಿತು. ೨೦೧೭ರ ವಿದ್ವತ್ಸಮಿತಿ ಅದನ್ನು ನಿಶ್ಚಯಿಸುವ ಯಾವುದೊಂದು ಪರೀಕ್ಷೆಯ ಬಗೆಗೂ ಒಮ್ಮತಕ್ಕೆ ಬರಲಾಗಲಿಲ್ಲವೆಂದು ತಿಳಿಸಿ, ಅದೇ ಉಸಿರಿನಲ್ಲಿ ಹಳೆಯ ೯ನ್ನೂ ೧೦ನ್ನೂ ಬಳಸಬಹುದೆಂದಿತು.

ಆಯ್ಕೆಯೇ ಬೇಡವೆಂದು ನಮ್ಮ ವಾದವಲ್ಲ. ೨೦೨೦ರಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಕೋವಿಡ್ ರೋಗಿಗಳಿಗೆ ೬ ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟಾಗ, ಉಸಿರಾಟದ ಯಂತ್ರದಲ್ಲಿದ್ದವರ ಮರಣಪ್ರಮಾಣ ೪೧.೪ರಿಂದ ೨೯.೩ಕ್ಕೆ ಇಳಿಯಿತು; ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಪ್ರಯೋಜನ ಕಾಣದೆ, ಹಾನಿಯ ಶಂಕೆಗೂ ಎಡೆಯಾಯಿತು. ಅಲ್ಲಿ ಆರಿಸಿಕೊಟ್ಟದ್ದು ರೋಗಿಯ ಉಸಿರು, ಹಾರ್ಮೋನಿನ ಅಂಕಿಯಲ್ಲ. ಆ ವಿವೇಚನೆಯಿಲ್ಲದೆ ಸ್ಟೀರಾಯ್ಡನ್ನು ಹಂಚಿದರೆ ಏನಾಗುವುದೆಂಬುದನ್ನು ಕರ್ನಾಟಕವೂ ಸೇರಿ ಭಾರತದ ಆಸ್ಪತ್ರೆಗಳು ೨೦೨೧ರಲ್ಲಿ ಕಂಡುವು. ಹತೋಟಿತಪ್ಪಿದ ಸಿಹಿಮೂತ್ರದ ಜೊತೆಗೆ ಸ್ಟೀರಾಯ್ಡಿನ ಅತಿಬಳಕೆಯೂ ಸೇರಿ ಮ್ಯೂಕರ್ ಶಿಲೀಂಧ್ರ ಎಷ್ಟೋ ಮಂದಿಯ ಕಣ್ಣನ್ನೂ ದವಡೆಯನ್ನೂ ತೆಗೆದುಕೊಂಡಿತು. ಸೆಪ್ಸಿಸ್‌ನಲ್ಲಿ ಜೀನ್‌ಗಳ ಅಭಿವ್ಯಕ್ತಿಯನ್ನು ನೋಡಿ ರೋಗಿಗಳನ್ನು ವಿಂಗಡಿಸುವ ಪ್ರಯತ್ನವೂ ನಡೆದಿದೆ. ೨೦೧೯ರಲ್ಲಿ ಆಂಟ್‌ಕ್ಲಿಫ್ ಮೊದಲಾದವರು ೧೧೭ ರೋಗಿಗಳನ್ನು ಹೀಗೆ ಪರಿಶೀಲಿಸಿ, ಒಂದು ವರ್ಗದವರಲ್ಲಿ ಹೈಡ್ರೊಕಾರ್ಟಿಸೋನ್ ಪಡೆದವರೇ ಹೆಚ್ಚು ಸತ್ತರೆಂದು ತಿಳಿಸಿದ್ದಾರೆ. ಸಂಖ್ಯೆ ಚಿಕ್ಕದು, ದಾರಿ ಮಾತ್ರ ಸರಿಯಾದದ್ದೆಂದು ತೋರುತ್ತದೆ.

ಲಕ್ಷಣದ ಅತಿವ್ಯಾಪ್ತಿಯನ್ನು ಹೇಳಿದ್ದಾಯಿತು. ಅದರ ಇನ್ನೊಂದು ಮುಖವಾದ ಅವ್ಯಾಪ್ತಿಯಿಂದ ಆಗತಕ್ಕ ಕೇಡು ನಮ್ಮ ದೇಶದಲ್ಲಿ ಹೆಚ್ಚು. ಅಡಿಸನ್ ಕಂಡ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ಕೆಡಿಸಿದ್ದುದು ಕ್ಷಯ. ಆ ಕ್ಷಯ ನಮ್ಮಲ್ಲಿ ಇಂದಿಗೂ ಇದೆ. ಕೀಲುನೋವಿಗೆಂದೋ ಉಬ್ಬಸಕ್ಕೆಂದೋ ವರ್ಷಗಟ್ಟಲೆ ಸ್ಟೀರಾಯ್ಡ್ ಗುಳಿಗೆಗಳನ್ನು, ಎಷ್ಟೋ ವೇಳೆ ಅದು ಸ್ಟೀರಾಯ್ಡೆಂದು ತಿಳಿಯದೆಯೇ ನುಂಗಿ, ಸೋಂಕು ಬಂದಾಗ ಥಟ್ಟನೆ ನಿಲ್ಲಿಸಿದವರೂ ಉಂಟು. ಇವರದು ಸಾಪೇಕ್ಷವಲ್ಲ, ನಿಜವಾದ ಕೊರತೆ; ಸ್ಟೀರಾಯ್ಡ್ ಇಲ್ಲದಿದ್ದರೆ ಸಾಯುತ್ತಾರೆ. ನಿಗಾ ಘಟಕದ ಅರ್ಧಕ್ಕರ್ಧ ರೋಗಿಗಳಿಗೆ ‘ಕೊರತೆ’ಯ ಪಟ್ಟಿಯನ್ನು ಅಂಟಿಸಿದರೆ ಈ ಕೆಲವರು ಆ ಗುಂಪಿನಲ್ಲಿ ಕಾಣದಾಗುತ್ತಾರೆ. ಆಘಾತ ಇಳಿದ ಮೇಲೆ ಉಳಿದವರಂತೆಯೇ ಅವರ ಔಷಧಿಯನ್ನೂ ನಿಲ್ಲಿಸಿ ಮನೆಗೆ ಕಳುಹಿಸುವ ಅಪಾಯ ಅಲ್ಲಿದೆ.

ಆದ್ದರಿಂದ ಕಾರ್ಟಿಸಾಲನ್ನು ಅಳೆಯಲೇಬಾರದೆಂದಲ್ಲ. ಇಂಥವರನ್ನು ಹುಡುಕುವುದಕ್ಕಾಗಿ ಅಳೆಯಬೇಕು. ಚರ್ಮ ಕಪ್ಪಾಗಿರುವುದು, ಸೋಡಿಯಂ ಇಳಿದು ಪೊಟಾಸಿಯಂ ಏರಿರುವುದು, ಸಕ್ಕರೆ ಕುಸಿಯುವುದು, ಹಿಂದೆ ನುಂಗಿದ ಗುಳಿಗೆಗಳ ವೃತ್ತಾಂತ, ಇವು ಕಂಡುಬಂದಲ್ಲಿ ಆಘಾತದ ನಡುವೆಯೂ ೧೦ಕ್ಕಿಂತ ಕೆಳಗಿರುವ ಅಂಕಿ ಗಂಭೀರವಾದ ಸೂಚನೆ. ರಕ್ತವನ್ನು ಮೊದಲು ತೆಗೆದಿಟ್ಟು, ವರದಿಗಾಗಿ ಕಾಯದೆ ಹೈಡ್ರೊಕಾರ್ಟಿಸೋನನ್ನು ಕೊಡಬೇಕು. ಕೊಟ್ಟ ಮೇಲೆ ತೆಗೆದ ರಕ್ತದಿಂದ ಏನೂ ತಿಳಿಯದು, ಏಕೆಂದರೆ ಹೈಡ್ರೊಕಾರ್ಟಿಸೋನ್ ಎಂಬುದು ಕಾರ್ಟಿಸಾಲಿನದೇ ಇನ್ನೊಂದು ಹೆಸರು. ಡೆಕ್ಸಾಮೆಥಸೋನ್ ಮಾಪನವನ್ನು ಅಷ್ಟಾಗಿ ಕೆಡಿಸದು. ಪ್ರೆಡ್ನಿಸೊಲೋನಾದರೋ ಅನೇಕ ಮಾಪನವಿಧಾನಗಳಲ್ಲಿ ಕಾರ್ಟಿಸಾಲಿನ ವೇಷದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಸೇವಿಸುತ್ತಿದ್ದವರ ವರದಿ ಸಹಜವಾಗಿ ಕಂಡರೆ, ಬಳಸಿದ ವಿಧಾನ ಯಾವುದೆಂದು ಪ್ರಯೋಗಶಾಲೆಯವರನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.